ನಲವತ್ತೆರಡರಲ್ಲಿ ಒಬ್ಬಳು

ಮುದುಕನಿಗೆ ಏನು ನೆನಪಿರುತ್ತದೆ ಎಂದು ನಗುವವರು ಮೊದಲು ತಮ್ಮ ಕನ್ನಡಕ ಎಲ್ಲಿಟ್ಟಿದ್ದಾರೆ ನೋಡಿಕೊಳ್ಳಲಿ. ಯಾರ್ಕ್‌ಷೈರಿನ ನಮ್ಮ ಹ್ಯಾಲ್ಬಿಯ ನರ್ಸಿಂಗ್ ಕಾಲೇಜು, ಆಗಸ್ಟ್ ಕೊನೆ, ಮಂಗಳವಾರ. ಬಾಯಿ ಮುಚ್ಚಿಕೊಂಡು ಕೇಳಿ.

ವಾರ್ಡಿನಲ್ಲಿ ದುಡಿದ ಗಂಟೆಗಳಿಗೆ ಹಿರಿಯ ನರ್ಸ್ ಸಹಿ ಹಾಕಬೇಕು. ಬ್ರೈಯೊನಿ ಥ್ಯಾಕ್ರೆ ಎರಡನೇ ವರ್ಷದಲ್ಲಿದ್ದಾಗ ಆ ನರ್ಸ್ ರಜೆ ಹಾಕಿದ್ದಳು. ಎರಡು ದಿನದ ಸಹಿಯನ್ನು ಬ್ರೈಯೊನಿಯೇ ಗೀಚಿದಳು. ದುಡಿದದ್ದು ನಿಜ, ಸಹಿ ಸುಳ್ಳು. ವಿಚಾರಣೆ ನಡೆದು ಲಿಖಿತ ಎಚ್ಚರಿಕೆ ಸಿಕ್ಕಿತು. ಈಗ ಓದು ಮುಗಿದಿತ್ತು, ಮಕ್ಕಳ ವಾರ್ಡಿನಲ್ಲಿ ಕೆಲಸವೂ ಕಾದಿತ್ತು. ನರ್ಸಿಂಗ್ ಮಂಡಳಿಯ ಪಟ್ಟಿಯಲ್ಲಿ ಹೆಸರು ಬಂದರೆ ಮಾತ್ರ ಸೆಪ್ಟೆಂಬರ್ ಒಂದಕ್ಕೆ ಸೇರಬಹುದು. ಇಂಥ ಎಚ್ಚರಿಕೆಗಳನ್ನು ಕಾಲೇಜು ಮಂಡಳಿಗೆ ತಿಳಿಸಲೇಬೇಕು.

ತಿಳಿಸುವವನು ಕಾಲೇಜಿನ ದಾಖಲೆ ನೋಡಿಕೊಳ್ಳುವ ಡೆರೆಕ್ ಅಕ್ರಾಯ್ಡ್. ಹಿಂದಿನ ವರ್ಷ ಯಾರದೋ ಗುಟ್ಟನ್ನು ಇನ್ಯಾರಿಗೋ ಕಳಿಸಿ, ಮೂರು ದಿನ ಖಾಸಗಿ ಮಾಹಿತಿ ಕಾಪಾಡುವ ತರಬೇತಿಗೆ ಕೂತು ಬಂದಿದ್ದ. ಈ ಸಲ ಪತ್ರದಲ್ಲಿ ಹೆಸರು, ಹುಟ್ಟಿದ ದಿನ, ವಾರ್ಡು ಎಲ್ಲಕ್ಕೂ ಕಪ್ಪು ಬಳಿದು ಕಳಿಸಿದ. ಉಳಿದದ್ದು ಒಂದೇ ವಾಕ್ಯ: ನಮ್ಮ ವಿದ್ಯಾರ್ಥಿಯೊಬ್ಬರಿಗೆ ಎಚ್ಚರಿಕೆ ನೀಡಲಾಗಿದೆ. ಮಂಡಳಿ ಮರುದಿನವೇ ಉತ್ತರಿಸಿತು: ಅದು ಯಾರೆಂದು ತಿಳಿಯುವವರೆಗೆ ಈ ವರ್ಷ ಓದು ಮುಗಿಸಿದ ನಿಮ್ಮ ನಲವತ್ತೆರಡೂ ಮಂದಿಯ ನೋಂದಣಿಯನ್ನು ತಡೆಹಿಡಿಯಲಾಗಿದೆ.

ಬ್ರೈಯೊನಿ ಅವನ ಕಚೇರಿಗೆ ನುಗ್ಗಿದಳು.

"ಅದು ನಾನೇ ತಾನೆ, ಡೆರೆಕ್?"

"ನೀನು ಅಂತಾನೂ ಹೇಳಂಗಿಲ್ಲ, ಅಲ್ಲ ಅಂತಾನೂ ಹೇಳಂಗಿಲ್ಲ ಕಣಮ್ಮ."

"ವಿಚಾರಣೆ ದಿನ ನಂಗೆ ಟೀ ಮಾಡ್ಕೊಟ್ಟಿದ್ದು ನೀವೇ ಅಲ್ವಾ!"

"ಯಾರಿಗೋ ಕೊಟ್ಟಿದ್ದೆ. ಎರಡು ಚಮಚ ಸಕ್ಕರೆ. ಅದಕ್ಕಿಂತ ಜಾಸ್ತಿ ಹೇಳಕ್ಕಾಗಲ್ಲ."

"ಹೆಸರು ಹಾಕಿ ಇನ್ನೊಂದು ಕಳ್ಸಿ, ದಮ್ಮಯ್ಯ."

"ನಮ್ಮ ವಕೀಲರನ್ನ ಕೇಳ್ಬೇಕು. ಅವ್ರು ಸ್ಪೇನ್‌ಗೆ ಹೋಗಿದಾರೆ. ಹನ್ನೆರಡನೇ ತಾರೀಕು ಬರ್ತಾರೆ."

ತರಗತಿಯ ವಾಟ್ಸ್ಯಾಪ್ ಗುಂಪಿನಲ್ಲಿ ಗೆಳತಿ ಟ್ಯಾಮ್ಸಿನ್ ಆಗಲೇ ಬರೆದಿದ್ದಳು: "ಯಾವಳೇ ಅವಳು, ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆದೋಳು?" ಅದರ ಕೆಳಗೆ ಬ್ರೈಯೊನಿಯೂ ಒಂದು ಸಿಟ್ಟಿನ ಮುಖ ಅಂಟಿಸಿದ್ದಳು.

ಬಸ್ ನಿಲ್ದಾಣದಲ್ಲಿ ಕೂತು ಮಂಡಳಿಗೆ ತಾನೇ ಬರೆದಳು. ಹೆಸರು, ವಾರ್ಡು, ಎರಡು ತಾರೀಕು, ಎರಡು ಸುಳ್ಳು ಸಹಿ. ಅದನ್ನೇ ಗುಂಪಿಗೂ ಹಾಕಿದಳು. ಆಮೇಲೆ ಟ್ಯಾಮ್ಸಿನ್: "ಎರಡೇ ದಿನಾನಾ? ಥೂ, ನಾನೇನೋ ಮಾತ್ರೆ ಕದ್ದಿದೀಯ ಅನ್ಕೊಂಡಿದ್ದೆ."

ಮರುದಿನ ನಲವತ್ತೊಂದು ಹೆಸರು ಪಟ್ಟಿಗೆ ಬಂದವು. ಬ್ರೈಯೊನಿಗೆ ಮಂಡಳಿ ಹದಿನಾಲ್ಕು ಪ್ರಶ್ನೆ ಕೇಳಿ, ಅವಳ ಹೆಸರನ್ನು ಒಂಬತ್ತನೇ ತಾರೀಕು ಸೇರಿಸಿತು. ಡೆರೆಕ್‌ನ ವಕೀಲರು ಆಗಿನ್ನೂ ಸ್ಪೇನಿನಲ್ಲೇ ಇದ್ದರು.

ಮಕ್ಕಳ ವಾರ್ಡಿನ ಮುಖ್ಯಸ್ಥೆ ಫೋನ್ ಮಾಡಿದಳು. "ಎಂಟು ದಿನ ತಡ ಮಾಡಿದೀಯ. ಒಳ್ಳೊಳ್ಳೆ ಪಾಳಿ ಎಲ್ಲಾ ಬೇರೆಯವ್ರು ಆರಿಸ್ಕೊಂಡಾಯ್ತು. ನಿಂಗೆ ಉಳಿದಿರೋದು ಶನಿವಾರ, ಭಾನುವಾರ. ಬರ್ತೀಯಾ?"

"ಬರ್ತೀನಿ," ಎಂದಳು ಬ್ರೈಯೊನಿ.

ಕೊನೇ ವರ್ಷದ ನರ್ಸಿಂಗ್ ಓದುವವರು ನಿಮಗೆ ಗೊತ್ತಿದ್ದರೆ ಇದನ್ನು ಅವರಿಗೂ ಕಳಿಸಿ.