ಗೊರಕೆ ನಿಂತ ಗಳಿಗೆ

ನಾನು ಕ್ಷೌರದಂಗಡಿಯ ಕುರ್ಚಿ. ಹುಟ್ಟಿದ್ದು ತಿಪಟೂರಿನ ಒಬ್ಬ ಬಡಗಿಯ ಮನೆಯ ಮುಂದೆ, ಚಪ್ಪರದ ಕೆಳಗೆ. ಕೈಯಿಡುವ ಕಡೆಗೆ ಬೀಟೆ ಮರ, ಉಳಿದ ಮೈಗೆ ಹೊನ್ನೆ, ಕೂರುವ ಜಾಗಕ್ಕೆ ತೆಂಗಿನ ನಾರು ತುಂಬಿ ಹೊದಿಸಿದ ಕೆಂಪು ರೆಕ್ಸಿನ್ನು. ಬೆನ್ನ ಹಿಂದೆ ಹಲ್ಲುಹಲ್ಲಿನ ಕಬ್ಬಿಣದ ಪಟ್ಟಿ; ಅದನ್ನು ಎತ್ತಿಳಿಸಿದರೆ ತಲೆದಿಂಬು ಏರುತ್ತದೆ, ಇಳಿಯುತ್ತದೆ. ಕೆಲಸ ಮುಗಿದ ದಿನ ಬಡಗಿ ತಾನೇ ಮೊದಲು ಕೂತು ನೋಡಿದ. ಹೆಂಡತಿ ಊಟಕ್ಕೆ ಮೂರು ಸಲ ಕೂಗಿದರೂ ಏಳಲಿಲ್ಲ. ಕೂತವರಿಗೆ ನಿದ್ದೆ ಹತ್ತಿಸುವ ಗುಣ ನನಗೆ ಹುಟ್ಟಿನಿಂದಲೇ ಬಂತು.

ಬಸ್ಸಿನ ಟಾಪಿನ ಮೇಲೆ ಕೂತು ಬಾಣಾವರಕ್ಕೆ ಬಂದೆ. ಕೊಂಡವನು ನರಸಪ್ಪ, ಬಸ್ ಸ್ಟ್ಯಾಂಡಿನ ಪಕ್ಕ ಅಂಗಡಿ ಇಟ್ಟಿದ್ದ ಕ್ಷೌರಿಕ. ಊರವರ ಮುಖವನ್ನು ಕನ್ನಡಿ ನೋಡುತ್ತಿತ್ತು, ಬೆನ್ನನ್ನು ನಾನು ನೋಡುತ್ತಿದ್ದೆ. ಸುಳ್ಳು ಹೇಳುವವನ ಬೆನ್ನು ಒರಗನ್ನು ಬಿಟ್ಟು ಒಂದು ಬೆರಳು ಮುಂದೆ ಬರುತ್ತದೆ. ಮಗಳ ಮದುವೆ ಗೊತ್ತಾದವನ ಬೆನ್ನು ಮೆತ್ತಗಾಗಿರುತ್ತದೆ. ಇಷ್ಟೆಲ್ಲ ತಿಳಿದವನು ನಾನು ಎಂದು ಬೀಗುತ್ತಿದ್ದೆ. ಏನೂ ತಿಳಿದಿರಲಿಲ್ಲ.

ನರಸಪ್ಪನದೊಂದು ಕಟ್ಟಳೆ ಇತ್ತು. ಮಗ ತಿಮ್ಮರಾಜನಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ: "ಕೂತಲ್ಲೇ ನಿದ್ದೆ ಹೋದ ಗಿರಾಕೀನ ಎಬ್ಬಿಸಬಾರ್ದು ಕಣ್ಲಾ. ಕತ್ತಿ ಕೆಳಗೆ ಕತ್ತು ಕೊಟ್ಟು ನಿದ್ದೆ ಮಾಡ್ತಾನೆ ಅಂದ್ರೆ ಅದು ನಿನ್ನ ಕೈಗೆ ಅವ್ನು ಕೊಟ್ಟ ಮರ್ಯಾದೆ." ಆ ಅಂಗಡಿಯಲ್ಲಿ ಮಲಗಿದವನ ಮುಂದೆ ಯಾರೂ ದನಿ ಎತ್ತುತ್ತಿರಲಿಲ್ಲ. ಬೆಂಚಿನಲ್ಲಿ ಕಾಯುವವರು ಪೇಪರನ್ನೂ ಸದ್ದಿಲ್ಲದೆ ಮಗುಚುತ್ತಿದ್ದರು.

ಆಷಾಢದ ಒಂದು ಮಧ್ಯಾಹ್ನ ನರಸಪ್ಪ ಮುದ್ದೆ ಉಂಡು ಬಂದು, "ನೋಡಾನ ನಿನ್ ಕೈಗುಣ, ನನ್ನ ಗಡ್ಡ ತೆಗಿ" ಎಂದು ತಾನೇ ನನ್ನ ಮೇಲೆ ಕೂತ. ಮಗ ಅಪ್ಪನ ಗಡ್ಡಕ್ಕೆ ಕತ್ತಿ ಇಟ್ಟದ್ದು ಅದೇ ಮೊದಲು. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಅಪ್ಪ ಗೊರಕೆ ಹೊಡೆಯತೊಡಗಿದ. ತಿಮ್ಮರಾಜನ ಮುಖ ನೋಡಬೇಕಿತ್ತು! ಟವಲು ತೆಗೆದುಕೊಂಡು ನೊಣ ಓಡಿಸುತ್ತ ನಿಂತುಬಿಟ್ಟ. ಗೊರಕೆ ಏರಿತು, ಇಳಿಯಿತು, ನಿಂತಿತು. ನರಸಪ್ಪನ ಹಿಮ್ಮಡಿ ನನ್ನ ಕಾಲುಹಲಗೆಗೆ ಒತ್ತಿತು. ಬೆರಳುಗಳು ಬೀಟೆಯನ್ನು ಬಿಗಿಯಾಗಿ ಹಿಡಿದು ಬಿಟ್ಟವು. ಕನಸು ಬಿದ್ದಿರಬೇಕು ಅಂದುಕೊಂಡೆ. "ಶ್! ಅಪ್ಪಂಗೆ ಈಗ ಒಳ್ಳೇ ನಿದ್ದೆ ಹತ್ತೈತೆ" ಎಂದ ತಿಮ್ಮರಾಜ ಬೆಂಚಿನವರಿಗೆ.

ಅರ್ಧ ಗಂಟೆಯಾದ ಮೇಲೆ ನರಸಪ್ಪನ ಕೈ ಜಾರಿ ಜೋತುಬಿತ್ತು.

"ನಿದ್ದೇಲೇ ಹೋದ, ಪುಣ್ಯವಂತ" ಎಂದಿತು ಊರು. ನಾನೂ ಹಾಗೇ ನಂಬಿದೆ. ಅಂಗಡಿ ತಿಮ್ಮರಾಜನದಾಯಿತು, ಅಪ್ಪನ ಕಟ್ಟಳೆಯೂ ಅವನದಾಯಿತು.

ಅವನ ಕಾಲಕ್ಕೆ ವಾರಕ್ಕೆರಡು ಸಲ ಬರುತ್ತಿದ್ದವರು ಓಂಕಾರಪ್ಪ. ಹುಳಿಯಾರು ಲೈನಿನ ಖಾಸಗಿ ಬಸ್ಸಿನ ಡ್ರೈವರು. ಅಗಲ ಬೆನ್ನು, ಗಿಡ್ಡ ಕತ್ತು. ಕೂತರೆ ನನ್ನ ಕೀಲೆಲ್ಲ ಮುಲುಗುತ್ತಿದ್ದವು.

"ಹತ್ತು ಗಂಟೆ ಮಲಗ್ತೀನಿ ತಿಮ್ಮರಾಜ. ಎದ್ರೆ ಮೂರೆಕರೆ ಹೊಲ ಉತ್ತು ಬಂದಂಗಿರ್ತದೆ. ವರ್ಷಗಳಾದ್ವು ನಿದ್ದೆ ಅಂತ ಕಂಡು."

ಅವರು ಮಾಡದ ಉಪಾಯವಿರಲಿಲ್ಲ. ಹೆಂಡತಿ ನಾಗರತ್ನಮ್ಮ ಗಸಗಸೆ ಪಾಯಸ ಕಾಸಿ ಕಾಸಿ ಕೊಟ್ಟು ಇವರಿಗೆ ಗಸಗಸೆ ಕಂಡರೆ ವಾಕರಿಕೆ ಬರುವಂತಾಗಿತ್ತು. ಮಂಚ ಮೂರು ದಿಕ್ಕಿಗೂ ತಿರುಗಿತ್ತು. ತೋಳಿಗೆ ತಾಯಿತ, ಅಂಗಾಲಿಗೆ ಹರಳೆಣ್ಣೆ. ಯಾರೋ ಹೇಳಿದರೆಂದು ಕಾಫಿ ಬಿಟ್ಟು, ಇನ್ಯಾರೋ ಹೇಳಿದರೆಂದು ಮತ್ತೆ ಹಿಡಿದಿದ್ದರು. ಆದರೆ ಅವರ ದೂರನ್ನು ಊರಲ್ಲಿ ಯಾರೂ ನಂಬುತ್ತಿರಲಿಲ್ಲ. ಪೋಸ್ಟ್ ಮ್ಯಾನ್ ಆಗಿ ರಿಟೈರಾದ ರಂಗಣ್ಣ ಬೆಂಚಿನಿಂದ ಬಾಣ ಬಿಡುತ್ತಿದ್ದ:

"ನಿನ್ನ ಗೊರಕೆಗೆ ಪಕ್ಕದ ಮನೆ ಹಸು ಹಾಲು ಸೊರ ಬಿಡ್ತಿಲ್ವಂತೆ, ನಿಂಗೆ ನಿದ್ದೆ ಇಲ್ವಾ? ಹೊಟ್ಟೆ ಬಿರಿಯ ಉಂಡೋನು ಹಸಿವು ಅಂದಂಗಾಯ್ತು!"

ಅಂಗಡಿಯೆಲ್ಲ ನಗುತ್ತಿತ್ತು. ಓಂಕಾರಪ್ಪನೂ ನಗುತ್ತಿದ್ದರು. ನಗುವಾಗ ಅವರ ಬೆನ್ನು ನಗುತ್ತಿರಲಿಲ್ಲ.

ಒಂದು ಶುಕ್ರವಾರ, ಹುಳಿಯಾರಿಂದ ಬಂದು ಮೂರು ಗಂಟೆಯ ಟ್ರಿಪ್ಪಿಗೆ ಕಾಯುವ ಹೊತ್ತಿನಲ್ಲಿ, ಅವರು ತಿಮ್ಮರಾಜನನ್ನು ಹತ್ತಿರ ಕರೆದು ದನಿ ತಗ್ಗಿಸಿದರು. "ನಿನ್ನೆ ಕೆರೆ ಏರಿ ಮೇಲೆ ಬಸ್ಸು ಅಂಚಿಗೆ ಹೋಗ್ಬಿಡ್ತು ಕಣೋ. ಕಂಡಕ್ಟ್ರು ಕೂಗ್ದೇ ಇದ್ದಿದ್ರೆ ಅರವತ್ತು ಜನ ನೀರಲ್ಲಿರೋರು. ನನ್ನ ಕಣ್ಣು ತೆಗೆದೇ ಇತ್ತು. ನಾನೇ ಇರ್ಲಿಲ್ಲ."

ತಿಮ್ಮರಾಜ ತನಗೆ ಗೊತ್ತಿದ್ದ ಒಂದೇ ಮದ್ದು ಮಾಡಿದ. ನೆತ್ತಿಗೆ ಎಣ್ಣೆ ತಟ್ಟಿ ತಲೆ ತಿಕ್ಕಿದ, ಆಮೇಲೆ ತಲೆದಿಂಬು ಇಳಿಸಿ ಮುಖಕ್ಕೆ ಸೋಪು ಹಚ್ಚಿದ. ಕೂಡಲೇ ಗೊರಕೆ ಶುರುವಾಯಿತು.

"ನೋಡ್ರಪ್ಪಾ, ನಿದ್ದೆ ಬರದೋನು!" ಎಂದ ರಂಗಣ್ಣ.

ಗೊರಕೆ ಏರಿತು. ನಿಂತಿತು.

ಓಂಕಾರಪ್ಪನ ಹಿಮ್ಮಡಿ ನನ್ನ ಕಾಲುಹಲಗೆಗೆ ಒತ್ತಿತು. ಬೆರಳುಗಳು ಬೀಟೆಯನ್ನು ಬಿಗಿದವು. ಅಯ್ಯೋ, ಈ ಹಿಡಿತ ನನಗೆ ಗೊತ್ತಿತ್ತು! ಇವರ ಕೈಯಲ್ಲೇ ನೂರಾರು ಸಲ ಕಂಡಿದ್ದೆ. ಅದಕ್ಕೂ ಮೊದಲು ಇನ್ನೊಬ್ಬನ ಕೈಯಲ್ಲಿ, ಒಂದೇ ಒಂದು ಮಧ್ಯಾಹ್ನ ಕಂಡಿದ್ದೆ. ಇದು ಕನಸಲ್ಲ, ಮುಳುಗುವವನು ದಡ ಹುಡುಕುವ ಹಿಡಿತ ಎಂದು ನನ್ನ ಮರದ ತಲೆಗೆ ಹೊಳೆದದ್ದು ಆಗ. ನಾಲಿಗೆ ಇದ್ದಿದ್ದರೆ ಅಂಗಡಿ ಹಾರಿಹೋಗುವಂತೆ ಕೂಗುತ್ತಿದ್ದೆ.

ತಿಮ್ಮರಾಜನ ಕತ್ತಿ ಗಂಟಲ ಹತ್ತಿರವೇ ನಿಂತಿತ್ತು. ಕೆರೆ ಏರಿಯ ಮಾತು ಕಿವಿಯಲ್ಲಿದ್ದುದರಿಂದಲೋ ಏನೋ, ಈ ಸಲ ಅವನು ಮೀಸೆಯ ಕೆಳಗಿನ ಸೋಪಿನ ನೊರೆಯನ್ನೇ ನೋಡುತ್ತಿದ್ದ. ಉಸಿರಿಗೆ ನಡುಗಬೇಕಾದ ನೊರೆ ಅಲುಗುತ್ತಿರಲಿಲ್ಲ. ಓಂಕಾರಪ್ಪನ ಎದೆ ಮಾತ್ರ ಗುದ್ದಾಡುತ್ತಿತ್ತು. ತಿಮ್ಮರಾಜ ಕತ್ತಿಯನ್ನು ಎಸೆದ. ಮುಂಗೈ ಮಗುಚಿ ಮೂಗಿನ ಕೆಳಗೆ ಹಿಡಿದ. ಅವನ ಮುಖ ಸುಣ್ಣದ ಗೋಡೆಯಂತಾಯಿತು.

"ಅಣ್ಣಾ! ಓಂಕಾರಣ್ಣಾ!" ಎಂದು ಕೆನ್ನೆಗೆ ಫಟಾರನೆ ಬಾರಿಸಿದ.

ಕೋಣ ಹೂಂಕರಿಸಿದಂತೆ ಸದ್ದು ಮಾಡಿ ಓಂಕಾರಪ್ಪ ಎದ್ದು ಕೂತರು. "ಏನ್ಲಾ, ಮೈಮೇಲೆ ಜ್ಞಾನ ಐತಾ? ಕೆನ್ನೆಗೆ ಹೊಡೀತೀಯಾ?"

"ನಿಮ್ಮ ಉಸಿರು ನಿಂತಿತ್ತು ಅಣ್ಣ."

"ಹೋಗ್ಲಾ! ಹಾಯಾಗಿ ಮಲಗಿದ್ದೆ."

"ಹಾಯಾಗಲ್ಲ ಓಂಕಾರ," ಎಂದ ರಂಗಣ್ಣ. ಅವನ ದನಿಯಲ್ಲಿ ತಮಾಷೆ ಒಣಗಿಹೋಗಿತ್ತು. "ನಾನೂ ನೋಡ್ದೆ. ತುಟಿ ನೀಲಿಗಾಗಿತ್ತು."

ಹೊರಗೆ ಕಂಡಕ್ಟರ್ ಸೀಟಿ ಊದಿದ. ಮೂರು ಗಂಟೆ. ಓಂಕಾರಪ್ಪ ಮುಖ ಒರೆಸಿಕೊಳ್ಳಲು ಟವಲಿಗೆ ಕೈ ಚಾಚಿದರೆ, ಟವಲು ಹಿಡಿದ ತಿಮ್ಮರಾಜ ಅದನ್ನು ಕೊಡಲಿಲ್ಲ. ಗಳಗಳನೆ ಅಳುತ್ತಿದ್ದ.

"ನಮ್ಮಪ್ಪ ಹೋಗಿದ್ದು ಹಿಂಗೇ ಅಣ್ಣ. ಇದೇ ಕುರ್ಚೀಲಿ. ಗೊರಕೆ ನಿಂತಾಗ ಒಳ್ಳೇ ನಿದ್ದೆ ಅಂದ್ಕೊಂಡೆ. ನಾನು ನೊಣ ಹೊಡೀತಾ ನಿಂತಿದ್ದೆ."

ಓಂಕಾರಪ್ಪನ ಬೆನ್ನು ನನಗೆ ಒರಗಿತು. ಅದು ಸಣ್ಣಗೆ ನಡುಗುವುದನ್ನು ಅಂಗಡಿಯಲ್ಲಿ ಬಲ್ಲವನು ನಾನೊಬ್ಬನೇ. ಸೀಟಿ ಇನ್ನೊಮ್ಮೆ ಕೇಳಿತು. ಅವರು ಎದ್ದು, ಅರ್ಧ ಮುಖದಲ್ಲಿ ಸೋಪು ಹೊತ್ತೇ ಬಾಗಿಲಿಗೆ ಹೋದರು.

"ಬೇರೆ ಡ್ರೈವರ್ ಕರಿಯಯ್ಯಾ," ಎಂದರು ಕಂಡಕ್ಟರಿಗೆ. "ನಾನು ಗಾಡಿ ಮುಟ್ಟಲ್ಲ."

ಮಂಗಳವಾರ ಕ್ಷೌರದಂಗಡಿಗೆ ರಜೆ. ಆ ಮಂಗಳವಾರ ತಿಮ್ಮರಾಜ ಓಂಕಾರಪ್ಪನನ್ನು ಹಾಸನದ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದ. ಮೈಗೆಲ್ಲ ವೈರು ಅಂಟಿಸಿ ಮಲಗಿಸಿದರಂತೆ. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ, ಉಸಿರಿಲ್ಲದೆ ಮಿದುಳು ಗಾಬರಿಬಿದ್ದು ಎಬ್ಬಿಸುತ್ತದೆ, ಗಂಟೆಗೆ ನಲವತ್ತು ಸಲ ಎಂದರಂತೆ. ಇಷ್ಟು ವರ್ಷ ಹುಡುಕಿದ ಕಾರಣ ಅವರ ಕೊರಳಲ್ಲೇ ಕೂತಿತ್ತು. ಊರೆಲ್ಲ ಅದರ ಗೊರಕೆ ಕೇಳಿ ನಕ್ಕಿತ್ತು! "ನಮ್ಮಪ್ಪನೂ ಇದ್ರಿಂದಲೇ ಹೋದ್ರಾ?" ಎಂದು ತಿಮ್ಮರಾಜ ಕೇಳಿದ್ದಕ್ಕೆ, "ಈಗ ಹೇಳೋಕಾಗಲ್ಲ. ಇರಬಹುದು" ಎಂದರಂತೆ. ಇದನ್ನು ರಂಗಣ್ಣನಿಗೆ ಹೇಳುವಾಗ ತಿಮ್ಮರಾಜ ನನ್ನ ಕೈಹಿಡಿಯನ್ನು ಒರೆಸುತ್ತಲೇ ಇದ್ದ. ಅಲ್ಲಿ ಧೂಳಿರಲಿಲ್ಲ.

ಓಂಕಾರಪ್ಪ ಈಗ ಮೂಗಿಗೆ ಗಾಳಿಯಂತ್ರ ಕಟ್ಟಿಕೊಂಡು ಮಲಗುತ್ತಾರೆ. "ಆನೆ ಸೊಂಡ್ಲು ಇಟ್ಕೊಂಡ ಗಣಪತಿ ಜೊತೆ ಸಂಸಾರ" ಎಂದು ನಾಗರತ್ನಮ್ಮ ನಗುತ್ತಾರಂತೆ. ಡಾಕ್ಟರು ಒಪ್ಪುವ ತನಕ ಐದು ತಿಂಗಳು ಅವರು ಸ್ಟೇರಿಂಗ್ ಹಿಡಿಯಲಿಲ್ಲ, ಆಮೇಲೆ ಹಿಡಿದರು.

ನನಗೆ ಮುಪ್ಪು ಬಂತು. ಹಲ್ಲುಪಟ್ಟಿ ಸವೆಯಿತು, ರೆಕ್ಸಿನ್ನು ಹರಿದು ನಾರು ಹೊರಬಿತ್ತು. ಕಾಲಲ್ಲಿ ಒತ್ತಿದರೆ ಮೇಲೇಳುವ ಕರಿ ಕುರ್ಚಿಯೊಂದು ನನ್ನ ಜಾಗಕ್ಕೆ ಬಂದಿದೆ. ಕಾಯುವವರು ಕೂರಲೆಂದು ತಿಮ್ಮರಾಜ ನನ್ನನ್ನು ಜಗಲಿಗೆ ಹಾಕಿದ್ದಾನೆ. ಅಷ್ಟು ಬೆನ್ನುಗಳ ಗುಟ್ಟು ಬಲ್ಲ ನಾನು ಒಂದು ಸಾವನ್ನು ಮಡಿಲಲ್ಲಿಟ್ಟುಕೊಂಡೇ ನಿದ್ದೆ ಎಂದು ತಿಳಿದಿದ್ದೆನಲ್ಲ. ಆ ದಿಗ್ಭ್ರಮೆ ಇಳಿದಿಲ್ಲ.

ಮೊನ್ನೆ ಕೊಬ್ಬರಿ ಮಂಡಿಗೆ ಬಂದ ಪರ ಊರಿನವನೊಬ್ಬ ನನ್ನ ಮೇಲೆ ಕೂತು ಗೊರಕೆ ತೆಗೆದ. ಪಕ್ಕದಲ್ಲಿ ಪೇಪರು ಓದುತ್ತಿದ್ದ ಓಂಕಾರಪ್ಪ ತಲೆಯೆತ್ತಲಿಲ್ಲ. ಗೊರಕೆ ತಟ್ಟನೆ ನಿಂತಿತು. ಪೇಪರು ನೆಲಕ್ಕೆ ಬಿತ್ತು. ಓಂಕಾರಪ್ಪನ ಮುಂಗೈ ಆಗಲೇ ಆ ಮನುಷ್ಯನ ಮೂಗಿನ ಕೆಳಗಿತ್ತು, ಇನ್ನೊಂದು ಕೈ ಭುಜ ಹಿಡಿದು ಅಲುಗಿಸುತ್ತಿತ್ತು.

ಅವನು ಉಸಿರು ಎಳೆದು, ಬೆಚ್ಚಿ, ಕಣ್ಣು ಕೆಂಪಗೆ ಮಾಡಿಕೊಂಡು ಬೈಯತೊಡಗಿದ. "ಯಾರ್ರೀ ನೀವು? ಮಲಗಿರೋರನ್ನ ಎಬ್ಬಿಸೋಕೆ ನಾಚಿಕೆ ಆಗಲ್ವಾ? ಮಾನ ಮರ್ಯಾದೆ ಇಲ್ವಾ?"

"ಬೈಯಪ್ಪಾ, ಚೆನ್ನಾಗಿ ಬೈಯಿ," ಎಂದರು ಓಂಕಾರಪ್ಪ, ಅವನ ಬೆನ್ನು ಸವರುತ್ತ. "ಬೈಯೋಕೂ ಉಸಿರು ಬೇಕು."