ಜಬೀನಳ ಮೊದಲ ರೋಜಾ

ಕುಲ್ಸುಂ ಬೀಗೂ ಸೊಸೆ ಮೆಹರ್ ಬಾನುಗೂ ಎಣ್ಣೆ ಸೀಗೇಕಾಯಿ. ಅದೇನು ಹೊಸದಲ್ಲ, ತುಮಕೂರಿನ ಆ ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಬೀದಿಗೆ ಗೊತ್ತಿಲ್ಲದ್ದು ಒಂದೇ, ಒಂಬತ್ತು ವರ್ಷದ ಮೊಮ್ಮಗಳು ಜಬೀನಳಿಗೆ ಸಕ್ಕರೆ ಕಾಯಿಲೆ ಅನ್ನೋದು. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಮೆಹರ್ ಗಾಜಿನ ಸಿರಿಂಜು ಕುದಿಸಿ ಮಗಳ ತೊಡೆಗೆ ಇನ್ಸುಲಿನ್ ಚುಚ್ಚುತ್ತಿದ್ದಳು. ಅದೂ ಬಾಗಿಲು ಹಾಕಿಕೊಂಡು. ಅತ್ತೆಯ ಅಪ್ಪಣೆ.

"ಹೆಣ್ಣು ಹುಡುಗಿ. ನಾಲ್ಕು ಜನಕ್ಕೆ ಗೊತ್ತಾದ್ರೆ ನಾಳೆ ಯಾವನು ಕಟ್ಕೋತಾನೆ?"

ಎಂಬತ್ತೆರಡನೇ ಇಸವಿಯ ರಂಜಾನ್ ಬಂತು. ಜಬೀನಳ ಓರಗೆಯ ಹುಡುಗಿಯರೆಲ್ಲ ಮೊದಲ ರೋಜಾ, ಅಂದರೆ ಹಗಲಿಡೀ ಉಪವಾಸ, ಇಟ್ಟು, ಹೂವಿನ ಹಾರ ಹಾಕಿಸಿಕೊಂಡು ಮೆರೆದದ್ದಾಗಿತ್ತು. ನಮ್ಮನೆ ಮಗು ಯಾಕಿಲ್ಲ ಅಂತ ಕುಣಿಗಲ್‌ನ ಖುರ್ಷಿದಾ ಕೇಳ್ತಾಳೆ ಎಂದು ಅತ್ತೆ ರಾಗ ತೆಗೆದಳು. ಖುರ್ಷಿದಾ ಅವಳ ಹಿರೀ ಮಗಳು, ಆಕೆಗೂ ಕಾಯಿಲೆಯ ಸುದ್ದಿ ಹೇಳಿರಲಿಲ್ಲ. ಆಕೆಯ ಬಾಯೋ, ಬೊಂಬಾಯಿ!

"ಕಾಯಿಲೆಯೋರಿಗೆ ರೋಜಾ ಮಾಫಿ ಅಂತ ಮಸೀದಿ ಹಜ್ರತ್ತರೇ ಹೇಳಿದಾರೆ. ಸೂಜಿ ಹಾಕಿದ ಮೇಲೆ ಉಣ್ಣದಿದ್ರೆ ಮಗು ಪ್ರಾಣಕ್ಕೇ ಬರ್ತದೆ" ಎಂದಳು ಮೆಹರ್.

"ಹಜ್ರತ್ತರು ತಮ್ಮ ಮಗನಿಗೆ ತಂದ್ಕೋತಾರಾ ಇವಳನ್ನ?"

ಮೆಹರಳ ಗಂಡ ಮುನಾವರ್ ಪಾಷಾ ಹಿರೇಹಳ್ಳಿ ಫ್ಯಾಕ್ಟರಿಯಿಂದ ಬಂದವನು ಇಬ್ಬರ ಮುಖವನ್ನೂ ನೋಡದೆ ಅನ್ನ ಕಲಸಿಕೊಂಡ. ಗಂಡಸಂತೆ ಗಂಡಸು!

ಎರಡು ದಿನ ಬಿಟ್ಟು ಅತ್ತೆಯೇ, "ಆಯ್ತು ಬಿಡು, ರೋಜಾ ಬೇಡ. ಶುಕ್ರವಾರ ಇಫ್ತಾರ್‌ಗೆ ನೆಂಟರನ್ನ ಕರೀತೀನಿ, ಅಷ್ಟೇ" ಎಂದಳು. ಮೆಹರ್ ನಂಬಿದಳು. ನಂಬಬಾರದಿತ್ತು.

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಸೂಜಿ ಹಾಕಿ, ಮಗಳ ಕೈಗೆ ಎರಡು ಚಪಾತಿ ಕೊಟ್ಟು ಕೆಲಸಕ್ಕೆ ಎದ್ದಳು. ಚಪಾತಿ ಹಿತ್ತಲ ಕೋಳಿಗಳ ಪಾಲಾಯಿತು. ಮಧ್ಯಾಹ್ನದ ತಟ್ಟೆಯನ್ನು "ನನ್ನ ಹತ್ರ ಉಣ್ತಾಳೆ" ಎಂದು ಅತ್ತೆ ತನ್ನ ಕೋಣೆಗೆ ಒಯ್ದು ಮಂಚದ ಕೆಳಗೆ ತಳ್ಳಿದಳು. ಅಜ್ಜಿ ಮೊಮ್ಮಗಳು ಹಿಂದಿನ ದಿನವೇ ಒಂದಾಗಿಬಿಟ್ಟಿದ್ದರು.

ಸಂಜೆ ಆರಾಗುವ ಹೊತ್ತಿಗೆ ಗುಬ್ಬಿಯಿಂದ, ಕುಣಿಗಲ್‌ನಿಂದ ಬಂದ ನೆಂಟರು ಹಜಾರದ ತುಂಬ. ಖರ್ಜೂರದ ತಟ್ಟೆ ಹಿಡಿದು ಹೊರಬಂದ ಮೆಹರ್ ನೋಡುತ್ತಾಳೆ, ಜಬೀನ್ ಜರಿಯ ಬಟ್ಟೆ ಉಟ್ಟು ಮಧ್ಯದಲ್ಲಿ ಕೂತಿದ್ದಾಳೆ, ಖುರ್ಷಿದಾ ಅವಳ ಕೊರಳಿಗೆ ಮಲ್ಲಿಗೆ ಹಾರ ಹಾಕುತ್ತಿದ್ದಾಳೆ. ಮಗುವಿನ ಹಣೆಯಲ್ಲಿ ಬೆವರು. ಕೈ ಗಡಗಡ ನಡುಗುತ್ತಿದೆ.

"ಇವತ್ತೇನ್ ತಿಂದೆ?"

"ಏನಿಲ್ಲ ಅಮ್ಮೀ. ನಂದು ರೋಜಾ" ಎಂದಿತು ಮಗು. ನಾಲಿಗೆ ತೊದಲುತ್ತಿತ್ತು.

ಮೆಹರ್ ತಟ್ಟೆ ಬಿಸಾಕಿ ಶರಬತ್ತಿನ ಚೊಂಬಿಗೆ ಕೈ ಹಾಕಿದಳು. ಅತ್ತೆ ಆ ಕೈಯನ್ನೇ ಬಿಗಿಯಾಗಿ ಹಿಡಿದಳು.

"ಇನ್ನೊಂದು ಗಂಟೆ ಕಣೇ! ಅಷ್ಟು ತಡ್ಕೊಳ್ಳೋಕಾಗಲ್ವಾ? ಜನರ ಮುಂದೆ ನಮ್ಮ ಮಾನ ಕಳೀಬೇಡ."

"ಸುಟ್ಟುಹೋಗ್ಲಿ ನಿಮ್ಮ ಮಾನ!" ಮೆಹರ್ ಕೈ ಕೊಸರಿಕೊಂಡು ಕಿರುಚಿದಳು. "ಎಲ್ರೂ ಕೇಳಿಸ್ಕೊಳ್ಳಿ, ನನ್ನ ಮಗಳಿಗೆ ಸಕ್ಕರೆ ಕಾಯಿಲೆ! ದಿನಾ ಸೂಜಿ ಹಾಕ್ತೀನಿ, ಉಣ್ಣದಿದ್ರೆ ಸಾಯ್ತಾಳೆ!"

ಚೊಂಬು ಬಾಯಿಗಿಟ್ಟರೆ ಜಬೀನ್ ಹಲ್ಲು ಕಚ್ಚಿ ತಲೆ ಅಲ್ಲಾಡಿಸಿದಳು. "ಬೇಡ ಅಮ್ಮೀ, ನನ್ ರೋಜಾ ಹೋಗ್ತದೆ." ಮೆಹರ್ ಕೆನ್ನೆ ಅದುಮಿ ಬಾಯಿ ಬಿಡಿಸಿ, ಅಷ್ಟೂ ಜನರ ಎದುರಿಗೆ ಗುಟುಕು ಗುಟುಕಾಗಿ ಶರಬತ್ತು ಹೊಯ್ದಳು. ಅರ್ಧ ಹೊಟ್ಟೆಗೆ, ಅರ್ಧ ಜರಿ ಬಟ್ಟೆಗೆ. ಕಾಲು ಗಂಟೆಗೆ ಮಗುವಿನ ನಡುಕ ನಿಂತಿತು.

ಇಫ್ತಾರ್ ಮುಗಿದದ್ದೇ ತಡ, ಖುರ್ಷಿದಾ ಮಾತಿಲ್ಲದೆ ಬಸ್‌ಸ್ಟ್ಯಾಂಡಿಗೆ ಹೊರಟಳು. ಆ ಬಾಯಿ ಮುಚ್ಚಿಕೊಂಡು ಹೋದದ್ದೇ ಕುಣಿಗಲ್ಲಿಗೆಲ್ಲ ಸಾರಲಿಕ್ಕೆ. "ಮಗು ಬಾಳು ಮಣ್ಣುಪಾಲು ಮಾಡಿದ್ಯಲ್ಲೇ, ಹೆತ್ತೋಳಾ ನೀನು?" ಎಂದು ಅತ್ತೆ ಎದೆ ಬಡಿದುಕೊಂಡಳು. ಮುನಾವರ್ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಜಬೀನ್ ಎದ್ದಳು. ಹಾರ ಕಿತ್ತು ತಾಯಿಯ ಮುಖಕ್ಕೆ ಎಸೆದಳು. "ನೀನು ಕೆಟ್ಟೋಳು. ನಾನು ಸಾಯೋವರ್ಗೂ ನಿನ್ ಹತ್ರ ಮಾತಾಡಲ್ಲ."

"ಮಾತಾಡಬೇಡ ಕಣೇ" ಎಂದಳು ಮೆಹರ್, ಅವಳ ಮುಂದೆ ಅನ್ನದ ತಟ್ಟೆ ಇಡುತ್ತ. "ನೂರು ವರ್ಷ ಮಾತಾಡಬೇಡ."