ಬಾಗಿಲಲ್ಲಿ ನಿಂತ ಹುಚ್ಚಣ್ಣ

ಆನೇಮಹಲ್ ಬಳಿಯ ಸಣ್ಣ ಚರ್ಚಿನ ಬೀಗದ ಕೈ ಇಪ್ಪತ್ತು ವರ್ಷದಿಂದ ಶೀಲಾಳ ಬಳಿಯೇ ಇತ್ತು. ಕಸ ಗುಡಿಸುವುದು, ಮೇಣದಬತ್ತಿ ಹಚ್ಚುವುದು, ಬಂದವರನ್ನು ಕೂರಿಸುವುದು ಎಲ್ಲವೂ ಅವಳದೇ. ಕೂರಿಸದೆ ಕಳಿಸಿದ್ದು ಒಬ್ಬನನ್ನು ಮಾತ್ರ.

ಅದು ಏಳು ವರ್ಷದ ಹಿಂದಿನ ಕ್ರಿಸ್‌ಮಸ್ ಬೆಳಗ್ಗೆ. ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್‌ಮನೆಯ ಹುಚ್ಚಣ್ಣ ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಹೆಂಡತಿ ತೀರಿಕೊಂಡು ತಿಂಗಳಾಗಿತ್ತಷ್ಟೆ.

“ಅಕ್ಕ, ಹಾಡು ಕೇಳುಸ್ತು. ಒಂದ್ಗಳಿಗೆ ಒಳಗೆ ಕೂತ್ಕಳ್ಲಾ?”

“ಇವತ್ತು ನಮ್ಮೋರ ಹಬ್ಬ ಕಣಪ್ಪ, ಜಾಗ ಇಲ್ಲ. ಇನ್ನೊಂದಿನ ಬಾ.”

ಕೊನೆಯ ಬೆಂಚು ಖಾಲಿಯಿತ್ತು. ಅವನು ಅದನ್ನು ನೋಡಿದ. ತಲೆಯಾಡಿಸಿ ತೋಟದ ಕಾಲುದಾರಿ ಹಿಡಿದ. ಆ ದಾರಿಯಲ್ಲಿ ಒಂಟಿ ಸಲಗ ನಿಂತಿತ್ತು. ಮಧ್ಯಾಹ್ನ ಅಲ್ಲೇ ಅವನ ಹೆಣ ಸಿಕ್ಕಿತು.

ಅವನು ಚರ್ಚಿಗೆ ಬಂದಿದ್ದನೆಂದು ಶೀಲಾ ಯಾರಿಗೂ ಹೇಳಲಿಲ್ಲ, ಫಾದರ್ ಎದುರೂ ಬಾಯಿ ಬಿಡಲಿಲ್ಲ. ಆಮೇಲೆ ಪ್ರತಿ ಭಾನುವಾರ ಮೊದಲ ಹಾಡು ಶುರುವಾದೊಡನೆ ಅವನು ಬಾಗಿಲಿಗೆ ಬರತೊಡಗಿದ. ಕೋಪವಿಲ್ಲ, ಮಾತಿಲ್ಲ, ಕಣ್ಣು ಮಾತ್ರ ಆ ಬೆಂಚಿನ ಮೇಲೆ. ಬೇರೆ ಯಾರಿಗೂ ಕಾಣದವನು ಅವಳು ಕಣ್ಣು ಮುಚ್ಚಿದರೂ ಹೋಗುತ್ತಿರಲಿಲ್ಲ.

ಕಳೆದ ಜನವರಿಯ ಒಂದು ಭಾನುವಾರ ಅದೇ ಜಾಗದಲ್ಲಿ ಅವನ ಮಗಳು ರಶ್ಮಿತಾ ನಿಂತಿದ್ದಳು. ಅವಳ ಬೆನ್ನ ಹಿಂದೆ ಅವನೂ ಇದ್ದ. ಶೀಲಾ ಹೋಗಿ ಹುಡುಗಿಯ ಕೈ ಹಿಡಿದಳು.

“ಬಾ ಮಗ, ಒಳಗೆ ಬಾ.”

“ನಾವು ನಿಮ್ಮೋರಲ್ಲ ಕಣಮ್ಮ. ಹಾಡು ಕೇಳಕ್ಕೆ ಬಂದೆ ಅಷ್ಟೆ.”

“ಕೇಳು. ನಿನ್ನ ಯಾರೂ ಏನೂ ಕೇಳಲ್ಲ.”

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಶೀಲಾ ಎಲ್ಲವನ್ನೂ ಹೇಳಿಬಿಟ್ಟಳು, ಖಾಲಿ ಬೆಂಚಿನ ಸಂಗತಿಯನ್ನೂ. ರಶ್ಮಿತಾ ಚರ್ಚಿನ ಬಾಗಿಲ ಕಡೆ ತಿರುಗಿ ನೋಡಿದಳು.

“ಅಪ್ಪ ಕುಡ್ದು ದಾರಿ ತಪ್ಪುದ ಅಂತ ಊರೋರೆಲ್ಲ ಆಡ್ಕಂಡ್ರು. ನೀವು ಸುಮ್ಕಿದ್ರಿ.”

“ಹೂಂ. ಸುಮ್ಕಿದ್ದೆ.”

“ಬಂದು ನಮ್ಮಜ್ಜಿಗೆ ಹೇಳಿ.”

ಅಜ್ಜಿ ಚೌಡಮ್ಮ ಲೈನ್‌ಮನೆಯ ಹೊಸ್ತಿಲ ಮೇಲೆ ಕೂತೇ ಕೇಳಿದಳು. ಒಳಗೆ ಕರೆಯಲಿಲ್ಲ. “ನನ್ನ ಮಗ ಕುಡ್ದಿರ್ಲಿಲ್ಲ ಅಂತ ಈ ಲೈನ್‌ನೋರ ಮುಂದೆಲ್ಲ ಹೇಳು” ಎಂದಳು. ಶೀಲಾ ಪ್ರತಿ ಬಾಗಿಲ ಮುಂದೆ ನಿಂತು ಹೇಳಿದಳು. ಮುಂದಿನ ಭಾನುವಾರ ಚರ್ಚಿನಲ್ಲೂ ಎದ್ದು ನಿಂತು ಹೇಳಿದಳು. ಯಾರೂ ಅವಳ ಮುಖ ನೋಡಲಿಲ್ಲ.

ಮೂರು ಭಾನುವಾರ ರಶ್ಮಿತಾ ಬರಲಿಲ್ಲ. ಹುಚ್ಚಣ್ಣ ಮಾತ್ರ ತಪ್ಪಿಸಲಿಲ್ಲ. ಈಗ ಅವನು ಬೆಂಚಿಗೆ ಬೆನ್ನು ಹಾಕಿ ದಾರಿಯನ್ನೇ ನೋಡುತ್ತಿದ್ದ.

ನಾಲ್ಕನೆಯ ಭಾನುವಾರ ಅಜ್ಜಿ, ಮೊಮ್ಮಗಳು ಇಬ್ಬರೂ ಬಂದರು. ಶೀಲಾ ತನ್ನ ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. ಚೌಡಮ್ಮ ಅವಳತ್ತ ತಿರುಗದೆ ಕೂತಳು. ಎಲ್ಲರೂ ಮೊಣಕಾಲೂರಿದಾಗ ಮುದುಕಿ ಅಲುಗಲಿಲ್ಲ. ಶೀಲಾಳೂ ಮೊಣಕಾಲೂರದೆ ಅವಳ ಪಕ್ಕ ಹಾಗೆಯೇ ಕೂತಿದ್ದಳು. ಬಾಗಿಲಲ್ಲಿ ಯಾರೂ ಇರಲಿಲ್ಲ.